ತುಂಟ ಬೆಕ್ಕಿನ ಕಣ್ಣಲ್ಲಿ ನಮ್ಮ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚುಕ್ಕಿ ಎಂಬ ಮೂರು ಬಣ್ಣದ ಬೆಕ್ಕು ನಮ್ಮ ಮನೆ ಸೇರಿ ಆರು ವರ್ಷಗಳಾದವು. ನಮ್ಮದು ಮಲೆನಾಡಿನ ಹಳೆಯ ಹೆಂಚಿನ ಮನೆ. ಜಗಲಿ, ನಡುಮನೆ, ಅಟ್ಟ, ಬಚ್ಚಲು, ಹಿತ್ತಲು ಎಲ್ಲವೂ ಅವಳು ದಿನಕ್ಕೆರಡು ಸಲ ಸುತ್ತಿ ಪರೀಕ್ಷಿಸುವ ಸೀಮೆ. ಬಂದುಹೋಗುವ ನೆಂಟರು, ನೆರೆಯವರು, ಹೊಸದಾಗಿ ಮರಿ ತಂದವರು ಅವಳ ಕಿತಾಪತಿಗಳನ್ನು ಕಂಡು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವಕ್ಕೆ ಬೆಕ್ಕಿನ ಕಡೆಯಲ್ಲಿ ನಿಂತು ಉತ್ತರ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ. ನಾವು ತುಂಟತನವೆಂದು ಕರೆಯುವುದರಲ್ಲಿ ಬಹುಪಾಲು ಬೆಕ್ಕಿನ ಲೆಕ್ಕದಲ್ಲಿ ದಿನನಿತ್ಯದ ಕೆಲಸ. ಮನುಷ್ಯನ ಅಳತೆಗೆ ಕಟ್ಟಿದ ಮನೆಯಲ್ಲಿ ಅದು ಆ ಕೆಲಸವನ್ನು ಮಾಡಬೇಕಾಗಿರುವುದರಿಂದಲೇ ತಂಟೆಗಳು ಹುಟ್ಟುತ್ತವೆ ಎಂದು ನಾನು ನಂಬಿದ್ದೇನೆ.

ಮೇಜಿನ ಮೇಲಿಟ್ಟ ಲೋಟವನ್ನು ಬೆಕ್ಕು ಬೇಕೆಂದೇ ಬೀಳಿಸುತ್ತದೆಯೇ?

ಬೇಕೆಂದೇ ಬೀಳಿಸುತ್ತದೆ; ಆದರೆ ನಿಮಗೆ ಸಿಟ್ಟು ಬರಿಸುವುದು ಅದರ ಉದ್ದೇಶವಲ್ಲ. ಬೆಕ್ಕಿನ ಕಣ್ಣು ದೂರದ ಚಲನೆಗೆ ಎಷ್ಟು ಚುರುಕೋ ಮೂಗಿನ ಮುಂದಿರುವ ವಸ್ತುವಿಗೆ ಅಷ್ಟೇ ಮಂದ. ಸುಮಾರು ಒಂದು ಗೇಣಿನೊಳಗಿರುವುದು ಅದಕ್ಕೆ ಮಸುಕಾಗಿ ಕಾಣುವುದರಿಂದ ಅಲ್ಲಿ ಕಣ್ಣಿನ ಕೆಲಸವನ್ನು ಮೀಸೆಯೂ ಮುಂಗಾಲೂ ವಹಿಸಿಕೊಳ್ಳುತ್ತವೆ. ಕಾಲಿನಿಂದ ಮೆಲ್ಲಗೆ ತಟ್ಟಿದಾಗ ಅಲುಗಿದರೆ ಅದು ಜೀವವಿರುವುದು, ಹಿಡಿಯತಕ್ಕದ್ದು, ಅಲುಗದಿದ್ದರೆ ಬಿಟ್ಟುಬಿಡತಕ್ಕದ್ದು. ಸ್ಟೀಲಿನ ಲೋಟ ತಟ್ಟಿದರೆ ಜಾರುತ್ತದೆ, ಅಂಚಿನವರೆಗೆ ಹೋಗುತ್ತದೆ, ಬಿದ್ದು ಸದ್ದು ಮಾಡುತ್ತದೆ, ಉರುಳುತ್ತದೆ. ಇಷ್ಟೆಲ್ಲ ಗುಣವಿರುವ ವಸ್ತುವನ್ನು ಬೇಟೆಗಾರ ಪ್ರಾಣಿಯೊಂದು ಕಡೆಗಣಿಸಲಾರದು.

ಇದರ ಮೇಲೆ ನಾವು ಕಲಿಸಿದ ಪಾಠವೂ ಸೇರಿಕೊಳ್ಳುತ್ತದೆ. ಲೋಟ ಬಿದ್ದ ಕ್ಷಣ ಎಲ್ಲಿದ್ದರೂ ನಾವು ಓಡಿಬರುತ್ತೇವೆ, ಅದರ ಹೆಸರು ಹಿಡಿದು ಕೂಗುತ್ತೇವೆ. ಮನೆಯವರೆಲ್ಲ ಮೊಬೈಲಿನಲ್ಲಿ ಮುಳುಗಿರುವ ಹೊತ್ತಿನಲ್ಲಿ ಅವರನ್ನು ತನ್ನ ಬಳಿ ಕರೆಸಿಕೊಳ್ಳುವ ಖಚಿತ ಉಪಾಯ ಅದಕ್ಕೆ ಸಿಕ್ಕಿದಂತಾಯಿತು. ಮೇಜನ್ನು ಖಾಲಿ ಇಡುವುದು, ಬಿದ್ದಾಗ ಮಾತಾಡದೆ ಎತ್ತಿಡುವುದು, ಅದು ಏನೂ ಬೀಳಿಸದಿರುವ ಹೊತ್ತಿನಲ್ಲಿ ನಾವಾಗಿಯೇ ಹೋಗಿ ಮಾತಾಡಿಸುವುದು, ಈ ಮೂರರಿಂದ ನಮ್ಮ ಮನೆಯಲ್ಲಿ ಲೋಟ ಬೀಳುವುದು ಬಹಳ ಕಡಿಮೆಯಾಯಿತು.

ಬೆಳಗಿನ ಜಾವ ನಾಲ್ಕೂವರೆಗೆ ಎದೆಯ ಮೇಲೆ ಕುಳಿತು ಏಕೆ ಎಬ್ಬಿಸುತ್ತದೆ?

ಅದು ಬೆಕ್ಕಿನ ಲೋಕದಲ್ಲಿ ಕೆಲಸ ಶುರುವಾಗುವ ಹೊತ್ತು. ಸಾಕುಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಕಾಡುಬೆಕ್ಕು ಎಂಬುದನ್ನು 2007ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನ ಖಚಿತಪಡಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ ಸಂಗತಿ 2004ರಲ್ಲಿ ವರದಿಯಾಯಿತು. ಧಾನ್ಯ ಕೂಡಿಟ್ಟ ಮನುಷ್ಯನ ಹತ್ತಿರಕ್ಕೆ ಇಲಿ ಬಂತು, ಇಲಿಯ ಬೆನ್ನು ಹತ್ತಿ ಬೆಕ್ಕು ಬಂತು. ಇಲಿ, ಹೆಗ್ಗಣಗಳು ಮಂದ ಬೆಳಕಿನಲ್ಲಿ ಹೊರಬರುವ ಜೀವಿಗಳಾದ್ದರಿಂದ ಬೆಕ್ಕಿನ ಮೈಯೂ ನಸುಕಿಗೂ ಮೂರ್ಸಂಜೆಗೂ ಹೊಂದಿಕೊಂಡಿದೆ. ಅದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮತ್ತೆ ಮುಂದಕ್ಕೆ ಚಿಮ್ಮಿಸುವ ಪದರವಿದ್ದು, ನಮಗೆ ಬೇಕಾದ ಬೆಳಕಿನ ಸುಮಾರು ಆರನೆಯ ಒಂದು ಪಾಲಿನಲ್ಲಿ ಅದು ನಡೆದಾಡಬಲ್ಲದು.

ಹಸಿವಿನ ಲೆಕ್ಕವೂ ಇದೆ. ನಾಲ್ಕು ಕಿಲೊ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೊಕ್ಯಾಲೊರಿ ಬೇಕು. ಒಂದು ಸುಂಡಿಲಿಯಿಂದ ಸಿಗುವುದು ಸುಮಾರು 30 ಮಾತ್ರ. ಅಂದರೆ ಬೇಟೆಯಾಡಿ ಬದುಕುವ ಬೆಕ್ಕು ದಿನಕ್ಕೆ ಏಳೆಂಟು ಬಾರಿ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ರಾತ್ರಿ ಎಂಟಕ್ಕೆ ಒಮ್ಮೆ ಬಡಿಸಿ ಬೆಳಗ್ಗೆ ಏಳರವರೆಗೆ ನಾವು ಮಲಗಿಬಿಟ್ಟರೆ ಅದರ ಹೊಟ್ಟೆಗೆ ಅದು ತೀರ ದೀರ್ಘವಾದ ಉಪವಾಸ. ಮಲಗುವ ಮುನ್ನ ಹತ್ತು ನಿಮಿಷ ಆಟವಾಡಿಸಿ, ಆಮೇಲೆ ಊಟ ಹಾಕಿ. ನಸುಕಿನಲ್ಲಿ ಕರೆದಾಗ ಎದ್ದು ಬಡಿಸುವ ಅಭ್ಯಾಸ ಬೇಡ. ಒಂದು ದಿನ ಎದ್ದರೂ ಕೂಗಿದರೆ ಕೆಲಸವಾಗುತ್ತದೆ ಎಂಬುದು ಅದಕ್ಕೆ ಮನದಟ್ಟಾಗುತ್ತದೆ.

ನಾನು ಓದುತ್ತಿರುವ ಪತ್ರಿಕೆಯ ಮೇಲೆಯೇ ಬಂದು ಮಲಗುವುದೇಕೆ?

ನಿಮ್ಮ ನೋಟವೂ ಕೈಯೂ ಅಲ್ಲಿರುವುದರಿಂದ. ಕಾಗದ ನೆಲಕ್ಕಿಂತ ಬೆಚ್ಚಗಿರುತ್ತದೆ ಎಂಬುದೂ ಒಂದು ಕಾರಣ. ಬೆಕ್ಕಿನ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಅದಕ್ಕೆ ಹಿತವೆನಿಸುವ ಸುತ್ತಲಿನ ಶಾಖ 30 ಡಿಗ್ರಿಗಿಂತಲೂ ಮೇಲಿನದು. ನಮಗೆ ಹದವಾಗಿರುವ ಕೋಣೆ ಅದಕ್ಕೆ ತಂಪು. ಇಸ್ತ್ರಿ ಮಾಡಿಟ್ಟ ಬಟ್ಟೆ, ಲ್ಯಾಪ್‌ಟಾಪು, ಒಲೆಯ ಕಟ್ಟೆ ಇವುಗಳನ್ನೇ ಅದು ಹುಡುಕಿಕೊಂಡು ಹೋಗುವುದು ಇದರಿಂದ.

ಮಲೆನಾಡಿನವರಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಳೆಗಾಲದಲ್ಲಿ ಬೆಕ್ಕು ಬಚ್ಚಲ ಒಲೆಯೊಳಗೆ ಬೆಚ್ಚಗಿನ ಬೂದಿಯ ಮೇಲೆ ಮುದುಡಿ ಮಲಗುತ್ತದೆ. ಬೆಳಗ್ಗೆ ಹಂಡೆಗೆ ಉರಿ ಹಾಕುವ ಮೊದಲು ಒಲೆಯೊಳಗೆ ಬಗ್ಗಿ ನೋಡಿ, ಕೋಲಿನಿಂದ ತಟ್ಟಿ ಸದ್ದು ಮಾಡಿ. ಚುಕ್ಕಿಯ ಬಾಲದ ತುದಿಯಲ್ಲಿ ಕೂದಲಿಲ್ಲದ ಒಂದು ಚುಕ್ಕೆಯಿದೆ. ಆ ದಿನ ಬಗ್ಗಿ ನೋಡದೆ ಉರಿ ಹಾಕಿದವನು ನಾನು.

ಹಾಲು ಅನ್ನ ಹಾಕಿದರೆ ಸಾಲದೇ? ನಮ್ಮ ಅಜ್ಜಿಯ ಕಾಲದಿಂದಲೂ ಅದನ್ನೇ ಹಾಕುತ್ತಿದ್ದೆವು.

ಸಾಲದು. ಅಜ್ಜಿಯ ಕಾಲದ ಬೆಕ್ಕು ಹಾಲು ಅನ್ನದ ಜೊತೆಗೆ ಅಟ್ಟದ ಇಲಿಯನ್ನೂ ಗದ್ದೆಯ ಇಲಿಯನ್ನೂ ತಿಂದು ತನಗೆ ಬೇಕಾದುದನ್ನು ಹೊಂದಿಸಿಕೊಳ್ಳುತ್ತಿತ್ತು. ಬಾಗಿಲು ಹಾಕಿದ ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ ಬೆಳೆಯುವ ಬೆಕ್ಕಿಗೆ ಆ ದಾರಿಯಿಲ್ಲ. ಬೆಕ್ಕು ಮಾಂಸವನ್ನೇ ತಿಂದು ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಅಮೈನೊ ಆಮ್ಲವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಲ್ಲಿದೆ, ಅನ್ನದಲ್ಲಿಲ್ಲ. ಟಾರಿನ್ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ನಶಿಸುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದ್ರೋಗದ ಈ ಸಂಬಂಧ 1987ರಲ್ಲಿ ಗೊತ್ತಾದ ಮೇಲೆಯೇ ಬೆಕ್ಕಿನ ಸಿದ್ಧ ಆಹಾರಗಳಲ್ಲಿ ಅದನ್ನು ಹೆಚ್ಚಿಸಲಾಯಿತು. ಟಾರಿನ್ ನೀರಿನಲ್ಲಿ ಕರಗುವುದರಿಂದ ಮೀನನ್ನೋ ಕೋಳಿಯನ್ನೋ ಬೇಯಿಸಿದ ನೀರನ್ನು ಚೆಲ್ಲದೆ ಅದರ ಜೊತೆಯಲ್ಲೇ ಹಾಕಬೇಕು. ಮಾಂಸ ತರದ ಮನೆಯವರು ಬೆಕ್ಕಿಗೆಂದೇ ತಯಾರಾದ ಪೂರ್ಣ ಆಹಾರವನ್ನು ಕೊಡುವುದು ಅನಿವಾರ್ಯ. ಸ್ವತಃ ಸಸ್ಯಾಹಾರಿಯಾದ ನನಗೆ ಇದನ್ನು ಒಪ್ಪಿಕೊಳ್ಳಲು ಕೆಲವು ತಿಂಗಳು ಹಿಡಿದವು; ಆದರೆ ನನ್ನ ನಿಯಮವನ್ನು ಬೆಕ್ಕಿನ ಹೃದಯದ ಮೇಲೆ ಹೇರುವ ಹಕ್ಕು ನನಗಿಲ್ಲ.

ಹಾಲಿನ ವಿಷಯಕ್ಕೆ ಬಂದರೆ, ಮರಿಯಾಗಿದ್ದಾಗ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಳೆದಂತೆ ಕುಂದುವುದರಿಂದ ಅನೇಕ ಬೆಕ್ಕುಗಳಿಗೆ ಹಾಲು ಕುಡಿದರೆ ಭೇದಿಯಾಗುತ್ತದೆ. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗದು. ಆ ರುಚಿಯನ್ನು ಗುರುತಿಸುವ ಗ್ರಾಹಕಕ್ಕೆ ಬೇಕಾದ ಒಂದು ಜೀನು ಅದರಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಅಮೆರಿಕದ ಮೋನೆಲ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಪಾಯಸದ ಪಾತ್ರೆಗೆ ಬಾಯಿ ಹಾಕಿದ ಬೆಕ್ಕು ಅರಸುತ್ತಿರುವುದು ಬಹುಶಃ ಅದರಲ್ಲಿರುವ ತುಪ್ಪ, ಹಾಲಿನ ಜಿಡ್ಡನ್ನು.

ದೇವರ ಮನೆಯ ತೀರ್ಥದ ಬಟ್ಟಲಿಗೇ ಬಾಯಿ ಹಾಕುತ್ತದೆ. ತನ್ನ ಬಟ್ಟಲಿನ ನೀರನ್ನು ಏಕೆ ಕುಡಿಯುವುದಿಲ್ಲ?

ಅದರ ಬಟ್ಟಲು ಎಲ್ಲಿದೆ ಎಂದು ಮೊದಲು ನೋಡಿ. ಬಹಳಷ್ಟು ಮನೆಗಳಲ್ಲಿ ಅನ್ನದ ತಟ್ಟೆಗೆ ಅಂಟಿಕೊಂಡಂತೆ, ಮೂಲೆಯಲ್ಲಿ, ನಿನ್ನೆಯ ನೀರಿನೊಂದಿಗೆ ಇಡಲಾಗಿರುತ್ತದೆ. ದೇವರ ಮುಂದಿನ ನೀರು ದಿನವೂ ಹೊಸದು, ಬಟ್ಟಲು ದಿನವೂ ಬೆಳಗಿದ್ದು. ಬೆಕ್ಕು ಆರಿಸಿಕೊಳ್ಳುವುದು ಶುದ್ಧವಾದುದನ್ನೇ. ಅಗಲ ಬಾಯಿಯ ಎರಡು ಮೂರು ಬಟ್ಟಲುಗಳನ್ನು ಊಟದಿಂದ ದೂರ, ಬೇರೆ ಬೇರೆ ಕಡೆ ಇಟ್ಟು ದಿನವೂ ನೀರು ಬದಲಿಸಿದ ಮೇಲೆ ಚುಕ್ಕಿ ದೇವರ ಮನೆಯ ಗೋಜಿಗೆ ಹೋಗುವುದನ್ನು ಬಿಟ್ಟಳು.

ಸತ್ತ ಇಲಿ, ಹಲ್ಲಿಗಳನ್ನು ತಂದು ಹಾಸಿಗೆಯ ಪಕ್ಕ ಇಡುವುದು ಉಡುಗೊರೆಯೇ?

ಹಾಗೆಂದುಕೊಳ್ಳಲು ಮನಸ್ಸಿಗೆ ಹಿತವಾಗುತ್ತದೆ. ಬೆಕ್ಕು ಹಿಡಿದುದನ್ನು ತನಗೆ ನಿರ್ಭಯವೆನಿಸಿದ ಜಾಗಕ್ಕೆ ಹೊತ್ತು ತರುತ್ತದೆ ಎಂಬುದು ಹೆಚ್ಚು ಸರಳವಾದ ವಿವರಣೆ, ಮತ್ತು ಆ ನಿರ್ಭಯದ ಜಾಗ ನಿಮ್ಮ ಹಾಸಿಗೆಯ ಪಕ್ಕವೆಂಬುದೇ ದೊಡ್ಡ ಗೌರವವೆಂದು ನನಗೆ ಅನಿಸುತ್ತದೆ. ತಾಯಿಬೆಕ್ಕು ಮರಿಗಳಿಗೆ ಮೊದಲು ಸತ್ತ ಬೇಟೆಯನ್ನೂ ಆಮೇಲೆ ಅರೆಜೀವದ ಬೇಟೆಯನ್ನೂ ತಂದು ಅಭ್ಯಾಸ ಮಾಡಿಸುತ್ತದೆ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂಬ ಗಾದೆ ಇಲಿಯ ಪಾಲಿಗೆ ಪೂರ್ತಿ ನಿಜ. ಆದರೆ ಬೆಕ್ಕಿನ ಕಡೆಯಿಂದ ನೋಡಿದರೆ ಆ ಚೆಲ್ಲಾಟದಲ್ಲಿ ಎಚ್ಚರಿಕೆಯಿದೆ. ಕಚ್ಚಬಲ್ಲ ಇಲಿಯನ್ನು ದಣಿಸಿದ ಮೇಲೆಯೇ ಅದು ಮೂತಿಯನ್ನು ಹತ್ತಿರ ಒಯ್ಯುತ್ತದೆ.

ಹಿತ್ತಲಿನ ಹಕ್ಕಿಗಳನ್ನು ಹಿಡಿಯುವುದು ಮಾತ್ರ ನಿಜವಾದ ಸಮಸ್ಯೆ. ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 36ರಷ್ಟೂ, ದಿನಕ್ಕೆ ಐದರಿಂದ ಹತ್ತು ನಿಮಿಷ ಆಟವಾಡಿಸಿದಾಗ ಶೇ 25ರಷ್ಟೂ ಇಳಿದದ್ದು ಕಂಡುಬಂತು. ಕೋಲಿಗೆ ದಾರ ಕಟ್ಟಿ ತುದಿಗೆ ಬಟ್ಟೆಯ ಚೂರು ಸಿಕ್ಕಿಸಿದರೆ ಸಾಕು. ಆಟಕ್ಕೆ ಹಣ ಬೇಕಿಲ್ಲ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಸೋಫಾ, ಚಾಪೆ, ಬಾಗಿಲ ಚೌಕಟ್ಟನ್ನು ಪರಚುವುದನ್ನು ಬಿಡಿಸಬಹುದೇ?

ಪರಚುವುದನ್ನು ಬಿಡಿಸಲಾಗದು, ಜಾಗವನ್ನು ಬದಲಿಸಬಹುದು. ಪರಚಿದಾಗ ಉಗುರಿನ ಹಳೆಯ ಹೊರಪದರ ಕಳಚಿ ಒಳಗಿನ ಚೂಪು ಹೊರಬರುತ್ತದೆ, ಬೆನ್ನು ಭುಜಗಳು ಸಡಿಲಾಗುತ್ತವೆ, ಅಂಗಾಲಿನ ಗ್ರಂಥಿಗಳ ವಾಸನೆ ಅಲ್ಲಿ ಅಂಟುತ್ತದೆ. ಅದು ಬೆಕ್ಕು ತನ್ನ ಸೀಮೆಗೆ ಹಾಕುವ ರುಜು. ಅಲುಗಾಡದ ಒಂದು ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ, ಅದು ಈಗ ಪರಚುತ್ತಿರುವ ಜಾಗದ ಪಕ್ಕದಲ್ಲೇ ನಿಲ್ಲಿಸಿ. ಬೆಕ್ಕು ಮೈ ಪೂರ್ತಿ ಚಾಚಿ ನಿಂತರೂ ಮೇಲೆ ಉಳಿಯುವಷ್ಟು ಎತ್ತರ ಬೇಕು.

ಹೊಡೆದರೆ ಬುದ್ಧಿ ಕಲಿಯುವುದಿಲ್ಲವೇ?

ಕಲಿಯುತ್ತದೆ, ಆದರೆ ನೀವು ಕಲಿಸಬೇಕೆಂದದ್ದನ್ನಲ್ಲ. ಕೃಷ್ಣದೇವರಾಯನ ಆಸ್ಥಾನದ ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಕುದಿಯುವ ಹಾಲಿಟ್ಟು, ಅದು ಮುಂದೆಂದೂ ಹಾಲಿನ ಹತ್ತಿರ ಸುಳಿಯದಂತೆ ಮಾಡಿದ ಕಥೆಯನ್ನು ನಾವೆಲ್ಲ ನಗುತ್ತ ಕೇಳಿದ್ದೇವೆ. ಬೆಕ್ಕು ಸಾಕಿದ ಮೇಲೆ ಆ ಕಥೆಗೆ ನಗಲು ನನಗೆ ಸಾಧ್ಯವಾಗಿಲ್ಲ, ಏಕೆಂದರೆ ಅದರಲ್ಲಿ ಬೆಕ್ಕಿನ ಮನಸ್ಸಿನ ವಿವರ ಅಷ್ಟು ನಿಖರವಾಗಿದೆ: ಒಂದೇ ನೋವು, ಆಯುಷ್ಯವಿಡೀ ಮರೆಯದ ಭಯ. ಅರ್ಧ ಗಂಟೆಯ ಹಿಂದೆ ಒಡೆದ ಪಿಂಗಾಣಿಗಾಗಿ ಈಗ ಹೊಡೆದರೆ, ಅದು ಹೊಡೆತವನ್ನು ಪಿಂಗಾಣಿಯೊಡನೆ ಜೋಡಿಸುವುದಿಲ್ಲ. ನಿಮ್ಮ ಕೈಯೊಡನೆ, ನಿಮ್ಮ ಹೆಜ್ಜೆಯ ಸದ್ದಿನೊಡನೆ ಜೋಡಿಸುತ್ತದೆ. ಆಮೇಲೆ ನೀವು ಮುದ್ದಿಗಾಗಿ ಕೈ ಚಾಚಿದರೂ ಮಂಚದಡಿಗೆ ಸೇರುತ್ತದೆ.

ಮುದ್ದಿಸುತ್ತಿರುವಾಗಲೇ ಥಟ್ಟನೆ ಕಚ್ಚುವುದೇಕೆ?

ಅದು ಥಟ್ಟನೆ ಕಚ್ಚಿದ್ದಲ್ಲ, ಅದಕ್ಕೂ ಮೊದಲು ಮೂರು ನಾಲ್ಕು ಬಾರಿ ಹೇಳಿತ್ತು. ಬಾಲದ ತುದಿ ಅಲುಗಿತು, ಬೆನ್ನಿನ ಚರ್ಮ ನಡುಗಿತು, ಕಿವಿ ಪಕ್ಕಕ್ಕೆ ತಿರುಗಿತು, ಗುರುಗುಟ್ಟುವುದು ನಿಂತಿತು. ಗಲ್ಲ, ಗದ್ದ, ಕಿವಿಯ ಬುಡ ಇಲ್ಲಿ ಸವರಿದರೆ ಹೆಚ್ಚಿನ ಬೆಕ್ಕುಗಳಿಗೆ ಇಷ್ಟ. ಹೊಟ್ಟೆ ಮುಟ್ಟಿದರೆ ಅನೇಕ ಬೆಕ್ಕುಗಳು ಸಹಿಸುವುದಿಲ್ಲ. ಹೊಟ್ಟೆ ತೋರಿಸಿ ಮಲಗಿರುವುದು ನಂಬಿಕೆಯ ಗುರುತು, ಮುಟ್ಟಲು ಕೊಟ್ಟ ಅನುಮತಿಯಲ್ಲ. ಗಾಯವಾಗುವಂತೆ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಿ, ಮತ್ತು ಬೆಕ್ಕಿಗೆ ರೇಬಿಸ್ ಲಸಿಕೆಯನ್ನು ಮೂರು ತಿಂಗಳಿನಿಂದಲೇ ಹಾಕಿಸಿ.

ಬೆಕ್ಕು ನಮ್ಮೊಡನೆ ನಿಜವಾಗಿಯೂ ಮಾತಾಡುತ್ತದೆಯೇ?

ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ತೀರ ವಿರಳ. ಮರಿಯಾಗಿದ್ದಾಗ ತಾಯಿಯನ್ನು ಕರೆಯುತ್ತಿದ್ದ ಆ ದನಿಯನ್ನು ಅವು ದೊಡ್ಡದಾದ ಮೇಲೆ ಮನುಷ್ಯರಿಗಾಗಿ ಉಳಿಸಿಕೊಂಡಿವೆ. ಚುಕ್ಕಿ ಬಾಗಿಲು ತೆರೆಯಲು ಕರೆಯುವ ದನಿಯೇ ಬೇರೆ, ತಟ್ಟೆ ಖಾಲಿಯೆಂದು ಹೇಳುವ ದನಿಯೇ ಬೇರೆ. ಅಡುಗೆಮನೆಯಲ್ಲಿದ್ದೇ ನನ್ನ ತಾಯಿ ಎರಡನ್ನೂ ಗುರುತಿಸುತ್ತಾರೆ. ಬೆಕ್ಕು ತನ್ನ ಹೆಸರನ್ನು ಇತರ ಪದಗಳಿಂದ ಬೇರ್ಪಡಿಸಿ ಗುರುತಿಸಬಲ್ಲದು ಎಂಬುದನ್ನು ಜಪಾನಿನ ಸಂಶೋಧಕಿ ಅತ್ಸುಕೊ ಸೈತೊ ಮತ್ತು ಅವರ ಸಂಗಡಿಗರು 2019ರಲ್ಲಿ ತೋರಿಸಿಕೊಟ್ಟರು. ಕರೆದಾಗ ಕಿವಿಯನ್ನು ಮಾತ್ರ ಇತ್ತ ತಿರುಗಿಸಿ ಬಾರದೆ ಉಳಿದರೆ, ಅದಕ್ಕೆ ಕೇಳಿಸಿದೆ ಎಂದೇ ಅರ್ಥ. ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿದರೆ ಬೆಕ್ಕೂ ಹಾಗೆಯೇ ಉತ್ತರಿಸುವುದು ಹೆಚ್ಚು ಎಂಬುದು ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡುಬಂತು. ಮಾಡಿ ನೋಡಿ.

ಕುಪ್ಪಿ ಗಿಡದ ಬುಡವನ್ನು ಕೆದಕಿ ಹೊರಳಾಡುತ್ತದೆ. ಹುಚ್ಚೇ?

ಅಲ್ಲ. ಕುಪ್ಪಿ ಗಿಡದ ಬೇರಿನ ವಾಸನೆ ಬೆಕ್ಕುಗಳನ್ನು ಸೆಳೆಯುತ್ತದೆ. ಕಿತ್ತ ಬೇರು ಸಿಕ್ಕರೆ ಮೂತಿ ಉಜ್ಜಿ, ಜೊಲ್ಲು ಸುರಿಸಿ, ಮಣ್ಣಿನಲ್ಲಿ ಉರುಳಾಡಿ, ಸ್ವಲ್ಪ ಹೊತ್ತಿನಲ್ಲಿ ಎದ್ದು ಹೋಗುತ್ತವೆ. ನಿಜವಾಗಿ ಹೆದರಬೇಕಾದ ವಸ್ತುಗಳು ಮನೆಯೊಳಗಿವೆ. ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಏಕೆಂದರೆ ಅದನ್ನು ನಂಜಿಲ್ಲದಂತೆ ಮಾಡುವ ಸಾಮರ್ಥ್ಯ ಅದರ ಯಕೃತ್ತಿಗೆ ಬಹಳ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ಬೀರುವಿನ ನುಸಿಗುಳಿಗೆ, ನಾಯಿಯ ಉಣುಗಿಗೆ ಹಾಕುವ ಪರ್ಮೆಥ್ರಿನ್ ಔಷಧಿ, ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂವು ಇವೆಲ್ಲ ವಿಷ; ಲಿಲ್ಲಿಯ ಪರಾಗ ಮೈಗೆ ತಗುಲಿ ನೆಕ್ಕಿಕೊಂಡರೂ ಮೂತ್ರಪಿಂಡ ಹೋಗುತ್ತದೆ.

ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಎನ್ನುತ್ತಾರಲ್ಲ?

ಬೆಕ್ಕಿಗೆ ತನ್ನ ಸೀಮೆಯ ಸುತ್ತ ನಿಶ್ಚಿತವಾದ ದಾರಿಗಳಿವೆ, ಹೆಚ್ಚುಕಡಿಮೆ ನಿಶ್ಚಿತವಾದ ಹೊತ್ತುಗಳಿವೆ. ಅದು ತನ್ನ ದಾರಿಯಲ್ಲಿ ಹೋಗುತ್ತಿರುವಾಗ ನಾವು ಅಡ್ಡ ಬರುತ್ತೇವೆ. ಈ ಒಂದು ನಂಬಿಕೆಯಿಂದ ಕಲ್ಲೇಟು ತಿಂದ ಬೆಕ್ಕುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಟ ತಡೆಯಲಾಗದೆ ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬರುವುದು ತಪ್ಪೇ?

ತಪ್ಪು, ಮತ್ತು ಅಪರಾಧ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು ಶಿಕ್ಷಾರ್ಹ. ನಮ್ಮ ಹಳ್ಳಿಗಳಲ್ಲಿ ಇದು ಎಷ್ಟು ಸಾಮಾನ್ಯ ರೂಢಿಯೆಂದರೆ ಮಾಡುವವರಿಗೆ ಅದು ಕ್ರೌರ್ಯವೆಂದು ತೋರುವುದೇ ಇಲ್ಲ. ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟರೆ ಹೇಗಾದರೂ ಬದುಕಿಕೊಳ್ಳುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಬೆಕ್ಕಿನ ಕಡೆಯಿಂದ ಯೋಚಿಸಿ. ಕತ್ತಲೆಯ ಚೀಲ ತೆರೆದಾಗ ಅದರ ವಾಸನೆಯ ಗುರುತುಗಳು ಒಂದೂ ಇಲ್ಲ, ಪ್ರತಿ ಮೂಲೆಯೂ ಬೇರೆ ಬೆಕ್ಕಿನ ಸೀಮೆ, ಪ್ರತಿ ನಾಯಿಯೂ ಅಪರಿಚಿತ.

ಕಾಟದ ಮೂಲ ಬಹುಸಲ ಮರಿಗಳ ಸಂಖ್ಯೆ, ರಾತ್ರಿಯ ಕೂಗಾಟ ಮತ್ತು ಗಂಡುಬೆಕ್ಕು ಗೋಡೆಗೆ ಸಿಡಿಸುವ ಮೂತ್ರ. ಹೆಣ್ಣು ಬೆಕ್ಕು ಆರು ತಿಂಗಳೊಳಗೇ ಬೆದೆಗೆ ಬರಬಹುದು, ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸೂಲುಗಳಾಗುತ್ತವೆ. ಐದು ತಿಂಗಳ ಸುಮಾರಿಗೆ ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಮೂರೂ ಬಹುಮಟ್ಟಿಗೆ ತೀರುತ್ತವೆ.

ಕತ್ತಿನ ಚರ್ಮ ಹಿಡಿದು ಎತ್ತಬಹುದೇ? ತಾಯಿಬೆಕ್ಕು ಹಾಗೆಯೇ ಎತ್ತುತ್ತದೆಯಲ್ಲ?

ಮರಿ ಏನೂ ಮಾಡದೆ ಮೈ ಸಡಿಲಬಿಟ್ಟು ತಾಯಿಗೆ ತನ್ನನ್ನು ಒಪ್ಪಿಸಿಕೊಳ್ಳುವುದನ್ನೇ ಶ್ರೀವೈಷ್ಣವರಲ್ಲಿ ತೆಂಕಲೈ ಪಂಥದವರು ಮಾರ್ಜಾಲಕಿಶೋರ ನ್ಯಾಯವೆಂದು ಶರಣಾಗತಿಗೆ ಹೋಲಿಸಿದರು. ಆ ನ್ಯಾಯ ಮರಿಗೆ ಮಾತ್ರ ಸಲ್ಲುತ್ತದೆ. ನಾಲ್ಕು ಕಿಲೊ ತೂಕದ ಬೆಕ್ಕನ್ನು ಹಾಗೆ ಎತ್ತಿದರೆ ನೋವೂ ದಿಗಿಲೂ ಆಗುತ್ತವೆ. ಒಂದು ಕೈಯನ್ನು ಎದೆಯ ಕೆಳಗೆ, ಇನ್ನೊಂದನ್ನು ಹಿಂಗಾಲಿನ ಕೆಳಗೆ ಕೊಟ್ಟು ಎತ್ತಿ.

ತುಂಟಾಟವೆಲ್ಲ ಒಮ್ಮೆಗೇ ನಿಂತುಹೋದರೆ?

ಅದೇ ದಿನ ಪಶುವೈದ್ಯರಿಗೆ ತೋರಿಸಿ. ಬೆಕ್ಕು ಬೇಟೆಗಾರನೂ ಹೌದು, ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು; ಆದ್ದರಿಂದ ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಎರಡು ದಿನಕ್ಕಿಂತ ಹೆಚ್ಚು ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಕುತ್ತು ಬರಬಹುದು, ವಿಶೇಷವಾಗಿ ದಪ್ಪ ಬೆಕ್ಕುಗಳಲ್ಲಿ. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು. ನಾಳೆ ನೋಡೋಣ ಎನ್ನುವಂತಿಲ್ಲ. ಕಳೆದ ಮಾಗಿಯಲ್ಲಿ ಚುಕ್ಕಿ ಒಂದು ದಿನವಿಡೀ ಅಟ್ಟದಿಂದ ಇಳಿಯಲಿಲ್ಲ, ನಸುಕಿನಲ್ಲಿ ಎಬ್ಬಿಸಲೂ ಇಲ್ಲ. ಚೆನ್ನಾಗಿ ನಿದ್ದೆಯಾಯಿತೆಂದು ಸಂತೋಷಪಟ್ಟವನಿಗೆ ಮಧ್ಯಾಹ್ನದ ಹೊತ್ತಿಗೆ ಕೈಕಾಲು ಆಡಲಿಲ್ಲ. ವಸಡಿನಲ್ಲಿ ಕೀವು ತುಂಬಿದ ಹಲ್ಲೊಂದನ್ನು ವೈದ್ಯರು ಕಿತ್ತರು.

ಹದಿನೈದು ದಿನ ಊರಿಗೆ ಹೋಗಬೇಕಾದರೆ ಬೆಕ್ಕನ್ನು ಜೊತೆಗೆ ಒಯ್ಯಬೇಕೇ?

ಹೆಚ್ಚಿನ ಬೆಕ್ಕುಗಳಿಗೆ ಹೊಸ ಜಾಗದಲ್ಲಿ ನಾವು ಜೊತೆಗಿರುವುದಕ್ಕಿಂತ ಹಳೆಯ ಮನೆಯಲ್ಲೇ ಉಳಿಯುವುದು ಹಿತ. ದಿನಕ್ಕೆರಡು ಬಾರಿ ಬಂದು ಊಟ ಹಾಕಿ, ನೀರು ಬದಲಿಸಿ, ಮಲದ ಮಣ್ಣು ತೆಗೆದು, ಕಾಲು ಗಂಟೆ ಕುಳಿತು ಹೋಗುವ ಪರಿಚಿತರೊಬ್ಬರು ಬೇಕು. ನೀವು ಹೊರಡುವ ಮೊದಲೇ ಅವರು ನಾಲ್ಕೈದು ಸಲ ಬಂದು ತಮ್ಮ ಕೈಯಿಂದ ತಿನ್ನಿಸಿರಲಿ. ನೀವು ಉಟ್ಟು ಬಿಟ್ಟ, ಒಗೆಯದ ಒಂದು ಪಂಚೆಯನ್ನೋ ಸೀರೆಯನ್ನೋ ಅದು ಮಲಗುವ ಕಡೆ ಹಾಸಿಡಿ. ಬೀಗದ ಕೈ ಕೊಡುವಾಗ ವೈದ್ಯರ ಫೋನ್ ನಂಬರನ್ನೂ, ಬಚ್ಚಲ ಒಲೆಯನ್ನು ಬಗ್ಗಿ ನೋಡಬೇಕೆಂಬುದನ್ನೂ, ಮೇಜಿನ ಮೇಲೆ ಲೋಟ ಇಡಬಾರದೆಂಬುದನ್ನೂ ಬರೆದು ಕೊಡಿ.